ಮಕ್ಕಳ ಆಸ್ಪತ್ರೆಗೆ ಚಂದಾ ಎತ್ತೋದು: ಏರಿಯಾದವರು, ಅಪಾರ್ಟ್‌ಮೆಂಟಿನವರು, ಸಂಘದವರು ಸೇರಿ ಮಾಡೋದಾದ್ರೆ ಹೀಗೆ ಮಾಡಿ

ನವೆಂಬರ್ ಹತ್ರ ಬಂತು ಅಂದ್ರೆ ರಾಜ್ಯೋತ್ಸವ ಒಂದು ಕಡೆ, ಮಕ್ಕಳ ದಿನಾಚರಣೆ ಇನ್ನೊಂದು ಕಡೆ. ಯಾವುದಾದ್ರೂ ವಾಟ್ಸಾಪ್ ಗ್ರೂಪಲ್ಲಿ ಒಬ್ರು "ಈ ಸಲ ಮಕ್ಕಳ ಆಸ್ಪತ್ರೆಗೆ ಏನಾದ್ರೂ ಮಾಡೋಣ್ವಾ" ಅಂತ ಹಾಕ್ತಾರೆ, ಅದಕ್ಕೆ ಒಂದಷ್ಟು ಜನ ಕೈಮುಗಿಯೋ ಎಮೋಜಿ ಹಾಕ್ತಾರೆ, ಅಷ್ಟರಲ್ಲಿ ಯಾರೋ ಉತ್ಸಾಹಿ ತನ್ನ ಫೋನ್‌ಪೇ ನಂಬರ್ ಹಾಕಿಬಿಡ್ತಾನೆ, ದುಡ್ಡು ಬರೋಕೆ ಶುರುವಾಗುತ್ತೆ, ಆದ್ರೆ ಏನು ಕೊಡ್ಬೇಕು ಯಾರಿಗೆ ಕೊಡ್ಬೇಕು ಅನ್ನೋದು ಇನ್ನೂ ಯಾರಿಗೂ ಗೊತ್ತಿರಲ್ಲ. ಕೊನೆಗೆ ಅದು ಬಾಳೆಹಣ್ಣು, ಬ್ರೆಡ್ಡು, ಬಿಸ್ಕೆಟ್ ಪ್ಯಾಕೆಟ್ಟು, ಹಿಂದೆ ಬ್ಯಾನರ್ ಹಿಡ್ಕೊಂಡ ಒಂದು ಗ್ರೂಪ್ ಫೋಟೋದಲ್ಲಿ ಮುಗಿಯುತ್ತೆ. ಮಾಡ್ಲೇಬಾರ್ದು ಅಂತ ನಾನು ಹೇಳ್ತಿಲ್ಲ, ಹಣ್ಣು ತಿಂದ ಮಗುವಿಗೆ ಅದೂ ಖುಷಿನೇ. ಆದ್ರೆ ಅದೇ ಜನ ಅದೇ ದುಡ್ಡಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಕೆಲಸ ಮಾಡ್ಬೋದು, ಅದಕ್ಕೆ ಬೇಕಾಗಿರೋದು ಕೆಲಸದ ಕ್ರಮ ಒಂಚೂರು ತಿರುಗಿಸೋದು ಅಷ್ಟೇ: ಮೊದಲು ಆಸ್ಪತ್ರೆ, ಆಮೇಲೆ ಖಾತೆ, ಕಟ್ಟಕಡೆಗೆ ದುಡ್ಡು ಕೇಳೋದು.

ಇದನ್ನ ಬರೀತಿರೋದು ಸರ್ಕಾರಿ ಮಕ್ಕಳ ಆಸ್ಪತ್ರೆಗಳನ್ನ ಮನಸ್ಸಲ್ಲಿಟ್ಕೊಂಡು. ಬೆಂಗಳೂರಲ್ಲಿ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೆ.ಆರ್. ಮಾರ್ಕೆಟ್ ಹತ್ರದ ವಾಣಿ ವಿಲಾಸ, ಮೈಸೂರಲ್ಲಿ ಚೆಲುವಾಂಬ, ಆಮೇಲೆ ನಿಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡು. ಟ್ರಸ್ಟ್ ಆಸ್ಪತ್ರೆಗಾದ್ರೂ ದಾರಿ ಹೆಚ್ಚುಕಮ್ಮಿ ಇದೇ.

1. ಗ್ರೂಪಲ್ಲಿ ಹೇಳೋಕ್ ಮುಂಚೆ ಆಸ್ಪತ್ರೆಗೆ ಹೋಗಿ ಕೇಳಿ

ಇಬ್ರು ಹೋಗಿ, ಹತ್ತು ಜನ ಹೋಗ್ಬೇಡಿ. ಬೆಳಗ್ಗೆ ಓಪಿಡಿ ರಶ್ ಇರೋ ಹೊತ್ತಲ್ಲಿ ಡಾಕ್ಟರ್ ಯಾರೂ ಮಾತಿಗೆ ಸಿಗಲ್ಲ, ಮಧ್ಯಾಹ್ನದ ಮೇಲೆ ಹೋಗಿ ಮೆಡಿಕಲ್ ಸೂಪರಿಂಟೆಂಡೆಂಟ್ ಆಫೀಸಲ್ಲೋ ಆರ್‌ಎಂಓ (ರೆಸಿಡೆಂಟ್ ಮೆಡಿಕಲ್ ಆಫೀಸರ್) ಹತ್ರನೋ ವಿಚಾರಿಸಿ, ಸ್ವಾಯತ್ತ ಸಂಸ್ಥೆ ಆದ್ರೆ ಡೈರೆಕ್ಟರ್ ಆಫೀಸು. ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ, ಹೊರಗಿನವರು ಕೊಡೋ ದುಡ್ಡು ಅಲ್ಲಿ ಲೆಕ್ಕಕ್ಕೆ ಬಂದು ಖರ್ಚಾಗೋ ವ್ಯವಸ್ಥೆ ಅದು.

ಆದ್ರೆ ಒಂದು ಮಾತು ಹೇಳ್ತೀನಿ, ದೊಡ್ಡವರ ರೂಮಲ್ಲಿ ಸಿಗೋ ಉತ್ತರಕ್ಕಿಂತ ವಾರ್ಡಿನ ನರ್ಸಿಂಗ್ ಸಿಸ್ಟರ್ ಹತ್ರ, ಮೆಡಿಕಲ್ ಸೋಷಿಯಲ್ ವರ್ಕರ್ ಹತ್ರ ಸಿಗೋ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತೆ. ಮೇಲಿನವರನ್ನ ಕೇಳಿದ್ರೆ "ವೆಂಟಿಲೇಟರ್ ಬೇಕು" ಅಂತಾರೆ. ಸಿಸ್ಟರ್‌ನ ಕೇಳಿದ್ರೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ಪಲ್ಸ್ ಆಕ್ಸಿಮೀಟರ್ ಇದೆ ಆದ್ರೆ ಎಳೆಕೂಸಿನ ಕಾಲಿಗೆ ಸುತ್ತೋ ಪ್ರೋಬ್ ಹಾಳಾಗಿದೆ, ತಾಯಂದ್ರು ರಾತ್ರಿಯೆಲ್ಲಾ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿರ್ತಾರೆ, ಬಾತ್‌ರೂಮಿನ ಗೀಸರ್ ಕೆಟ್ಟಿದೆ ಅಂತ ಸಣ್ಣಸಣ್ಣದೆಲ್ಲ ಹೇಳ್ತಾರೆ. ನಮ್ಮಂಥ ಏರಿಯಾ ಮಟ್ಟದ ಚಂದಾಕ್ಕೆ ಸರಿಹೊಂದೋದು ಈ ಎರಡನೇ ಪಟ್ಟಿನೇ. ಮೇಲಿನವರ ಒಪ್ಪಿಗೆ ಬೇಕು ನಿಜ, ಸಿಸ್ಟರ್ ಹೇಳಿದ್ದನ್ನ ಬರ್ಕೊಂಡು ಸೂಪರಿಂಟೆಂಡೆಂಟ್ ಹತ್ರ ತಿರುಗಿ ಹೋಗಿ "ಇದರಲ್ಲಿ ಯಾವುದು ಕೊಡ್ಲಿ ಸರ್" ಅಂತ ಕೇಳಿ, ಅವರು ಸರಿ ಅಂದ್ರೆ ಆಸ್ಪತ್ರೆ ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿ ಒಂದು ಪತ್ರ ಕೊಡಿಸ್ಕೊಳ್ಳಿ. ಆ ಪತ್ರ ಒಂದು ಕೈಯಲ್ಲಿದ್ರೆ ಮುಂದಿನ ಅರ್ಧ ಜಗಳ ಇರಲ್ಲ.

2. ಯಾವುದಕ್ಕೆ ಅಂತ ಆರಿಸ್ಕೊಳ್ಳೋದು

"ಚಿಕಿತ್ಸೆಗೆ ಸಹಾಯ" ಅಂತ ಸುಮ್ನೆ ದುಡ್ಡು ಎತ್ತೋಕ್ ಮುಂಚೆ ಸ್ವಲ್ಪ ಯೋಚ್ನೆ ಮಾಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಲ್ಲಿ ಬಂದ್ಮೇಲೆ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕವರ್ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಷ್ಟು ಸರ್ಕಾರ ಕೊಡುತ್ತೆ. ಅಂದ್ರೆ ಬಡವರ ಮಗುವಿನ ಆಪರೇಷನ್ ಖರ್ಚು ಬಹಳ ಸಲ ಸರ್ಕಾರದ್ದೇ. ಆ ಯೋಜನೆ ಮುಟ್ಟದೇ ಇರೋದು ಮಗುವಿನ ಸುತ್ತ ಇರೋ ಖರ್ಚು. ರಾಯಚೂರಿಂದಲೋ ಕೊಪ್ಪಳದಿಂದಲೋ ಅಪ್ಪ ಅಮ್ಮ ಬಂದಿರ್ತಾರೆ, ಇಬ್ರದ್ದೂ ಕೂಲಿ ನಿಂತಿರುತ್ತೆ, ಊರಲ್ಲಿ ಇನ್ನೊಂದು ಮಗುನ ಅಜ್ಜಿ ಹತ್ರ ಬಿಟ್ಟಿರ್ತಾರೆ, ಅಮ್ಮ ವಾರ್ಡಲ್ಲಿ, ಅಪ್ಪ ಹೊರಗಡೆ ಫುಟ್‌ಪಾತಲ್ಲಿ ಮಲಗ್ತಾರೆ. ಶಕ್ತಿ ಯೋಜನೆ ಬಂದ್ಮೇಲೆ ಅಮ್ಮನ ಸರ್ಕಾರಿ ಬಸ್ ಚಾರ್ಜ್ ಏನೋ ಉಳೀತು, ಅಪ್ಪನದ್ದು ಇಲ್ಲ, ಡಿಸ್ಚಾರ್ಜ್ ಆದ ಮಗುನ ಎತ್ಕೊಂಡು ರಾತ್ರಿ ಬಸ್ಸಲ್ಲಿ ನಿಂತ್ಕೊಂಡು ಹೋಗೋಕಂತೂ ಆಗಲ್ಲ. ಹೊರಗಡೆ ಬರ್ಕೊಟ್ಟ ಸ್ಕ್ಯಾನು, ಆಸ್ಪತ್ರೆ ಸ್ಟಾಕಲ್ಲಿ ಇಲ್ಲದ ಔಷಧಿ, ಡೈಪರ್, ಮಗುವಿನ ಜೊತೆ ಇರೋರ ಎರಡು ಹೊತ್ತಿನ ಊಟ, ಇವೆಲ್ಲ ಸೇರಿದಾಗಲೇ ಜನ ಸಾಲ ಮಾಡೋದು, ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೋಗೋದು.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ ದುಡ್ಡನ್ನ ಈ ಸಪ್ಪೆ ಖರ್ಚುಗಳಿಗೆ ಹಾಕಿ. ಸೋಷಿಯಲ್ ವರ್ಕರ್ ಮೂಲಕ ಡಿಸ್ಚಾರ್ಜ್ ಆಗೋ ಬಡ ಕುಟುಂಬಕ್ಕೆ ಊರಿಗೆ ಹೋಗೋ ಖರ್ಚು, ಮಗುವಿನ ಜೊತೆ ಇರೋರಿಗೆ ಊಟದ ಕೂಪನ್ನು, ಹೊರಗಿನ ಟೆಸ್ಟಿಗೆ ಒಂದು ಸಣ್ಣ ನಿಧಿ. ಇಂದಿರಾ ಕ್ಯಾಂಟೀನಲ್ಲಿ 2017ರಲ್ಲಿ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಇತ್ತು, ಅಂಥದ್ದೊಂದು ಆಸ್ಪತ್ರೆ ಹತ್ರ ಇದ್ರೆ ನಿಮ್ಮ ದುಡ್ಡು ಎಷ್ಟು ದೂರ ಹೋಗುತ್ತೆ ಲೆಕ್ಕ ಹಾಕಿ ನೋಡಿ. ಉಳ್ಕೊಳ್ಳೋ ಜಾಗದ ವಿಷಯವೂ ಅಷ್ಟೇ. ಬೆಂಗಳೂರು ರೈಲ್ವೇ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರು 1903ರಲ್ಲಿ ಛತ್ರ ತೆರೆದಿದ್ದು ಪರಊರಿಂದ ಬಂದವರಿಗೆ ತಲೆ ಮೇಲೊಂದು ಸೂರು ಸಿಗ್ಲಿ ಅಂತ, ಆಸ್ಪತ್ರೆ ಗೇಟಿನ ಹೊರಗೆ ಚಾಪೆ ಹಾಸ್ಕೊಂಡಿರೋರನ್ನ ನೋಡಿದ್ರೆ ಆ ಅಗತ್ಯ ಇವತ್ತಿಗೂ ಹಾಗೇ ಇದೆ ಅನ್ಸುತ್ತೆ. ನಾವು ಛತ್ರ ಕಟ್ಟೋಕಾಗಲ್ಲ ಸರಿ, ಇರೋ ಧರ್ಮಶಾಲೆಗೆ ಮಂಚ, ಹೊದಿಕೆ, ಕುಡಿಯೋ ನೀರಿನ ಫಿಲ್ಟರು, ಅದರ ವರ್ಷದ ಸರ್ವೀಸು ಅಂತೂ ಕೊಡ್ಬೋದು.

ಮಷೀನೇ ಕೊಡ್ತೀವಿ ಅಂತ ಹಟ ಇದ್ರೆ, ಫೋಟೊಥೆರಪಿ ಯೂನಿಟ್ (ಕಾಮಾಲೆ ಆದ ನವಜಾತ ಶಿಶುನ ನೀಲಿ ಲೈಟ್ ಕೆಳಗೆ ಮಲಗಿಸ್ತಾರಲ್ಲ ಅದು), ರೇಡಿಯಂಟ್ ವಾರ್ಮರ್ (ಎಳೆಕೂಸನ್ನ ಬೆಚ್ಚಗಿಡೋದು), ಇನ್‌ಫ್ಯೂಷನ್ ಪಂಪ್ (ಡ್ರಿಪ್ ಅಳೆದು ಬಿಡೋದು) ಇಂಥವು ಕೇಳ್ತಾರೆ. ತಗೊಳ್ಳೋಕ್ ಮುಂಚೆ ಕೇಳ್ಬೇಕಾದ್ದು ಇಷ್ಟು. ಆಸ್ಪತ್ರೆಯಲ್ಲಿ ಈಗಾಗ್ಲೇ ಇರೋ ಕಂಪನಿದೇನಾ, ಯಾಕಂದ್ರೆ ಬೇರೆ ಕಂಪನಿದು ತಂದ್ರೆ ಟ್ಯೂಬು ಸೆನ್ಸರು ಒಂದಕ್ಕೊಂದು ಕೂರಲ್ಲ. ವಾರಂಟಿ ಮುಗಿದ್ಮೇಲೆ ಸರ್ವೀಸ್ ಕಾಂಟ್ರಾಕ್ಟ್ ಯಾರು ಕಟ್ತಾರೆ. ಇಡೋಕೆ ಜಾಗ, ಪ್ಲಗ್ ಪಾಯಿಂಟು, ಯುಪಿಎಸ್ ಇದ್ಯಾ. ಕೊಟೇಶನ್ ಕೇಳುವಾಗಲೇ ಐದು ವರ್ಷದ ಮೆಂಟೆನೆನ್ಸ್ ಸೇರಿಸಿ ಕೇಳಿ, ಅಷ್ಟು ದುಡ್ಡು ಎತ್ತೋಕಾಗಲ್ಲ ಅಂದ್ರೆ ಆ ಮಷೀನು ನಿಮ್ಮ ಕೈಗೆ ದೊಡ್ಡದು ಅಂತ ಅರ್ಥ, ಬಿಟ್ಬಿಡಿ. "ಇಂಥವರ ಕೊಡುಗೆ" ಅಂತ ಸ್ಟಿಕ್ಕರ್ ಇರೋ, ಬಟ್ಟೆ ಹೊದಿಸಿ ಮೂಲೆಗಿಟ್ಟ ಮಷೀನುಗಳು ನಮ್ಮ ಆಸ್ಪತ್ರೆಗಳಲ್ಲಿ ಕಮ್ಮಿ ಇಲ್ಲ.

3. ತಗೊಂಡು ಹೋಗ್ಬಾರ್ದ ಸಾಮಾನು

ಇದು ಬಹಳ ಜನಕ್ಕೆ ಗೊತ್ತಿಲ್ಲ: ಶಿಶು ಹಾಲಿನ ಪುಡಿ ಡಬ್ಬ, ಫೀಡಿಂಗ್ ಬಾಟಲ್ ದಾನ ಮಾಡೋದು ಕಾನೂನು ಪ್ರಕಾರ ತಪ್ಪು. 1992ರ ಶಿಶು ಹಾಲು ಬದಲಿ ಆಹಾರದ ಕಾಯ್ದೆ ಅಂತ ಇದೆ, 2003ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು, ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಇವನ್ನ ದಾನವಾಗಿ ಹಂಚೋಹಾಗಿಲ್ಲ. ಕಾರಣ ಇಷ್ಟೇ, ಪುಕ್ಕಟೆ ಡಬ್ಬ ಬಂತು ಅಂದ್ರೆ ತಾಯಿ ಹಾಲು ಬಿಡಿಸ್ತಾರೆ, ಡಬ್ಬ ಖಾಲಿ ಆದ್ಮೇಲೆ ಕೊಳ್ಳೋಕೆ ದುಡ್ಡಿರಲ್ಲ, ನೀರು ಜಾಸ್ತಿ ಹಾಕಿ ಕುಡಿಸ್ತಾರೆ, ಬಾಟಲ್ ಸರಿಯಾಗಿ ಕುದಿಸ್ದೆ ಭೇದಿ ಆಗುತ್ತೆ. ಡಾಕ್ಟರ್ ಬರ್ಕೊಟ್ರೆ ಅದು ಆಸ್ಪತ್ರೆಯವರ ಜವಾಬ್ದಾರಿ.

ಉಣ್ಣೆ ಗೊಂಬೆ, ಟೆಡ್ಡಿ ಬೇಡ, ತೊಳೆದು ಒರೆಸೋಕಾಗೋ ಪ್ಲಾಸ್ಟಿಕ್ ಆಟಿಕೆ ಆಗ್ಬೋದು, ಅದೂ ಹೊಸದು. ಕ್ಯಾನ್ಸರ್ ವಾರ್ಡಿನ ಮಕ್ಕಳಿಗೆ ಕೀಮೋದಿಂದ ಬಿಳಿ ರಕ್ತಕಣ ಇಳಿದಿರುತ್ತೆ, ಹೊರಗಿಂದ ತಂದ ಕತ್ತರಿಸಿದ ಹಣ್ಣು, ಕೇಕು, ಹೂವಿನ ಬೊಕೆ ಎಲ್ಲಾ ಅವರಿಗೆ ಅಪಾಯ. ನಿಮ್ಮ ಮಗಳ ಬರ್ತ್‌ಡೇನ ವಾರ್ಡಲ್ಲಿ ಮಾಡೋ ಐಡಿಯಾ ಎಷ್ಟೇ ಒಳ್ಳೆ ಮನಸ್ಸಿಂದ ಬಂದಿದ್ರೂ ಬಿಟ್ಬಿಡಿ, ಮೂಗು ಸೋರೋ ಹತ್ತು ಮಕ್ಕಳು ಎನ್‌ಐಸಿಯು ಕಾರಿಡಾರಲ್ಲಿ ಓಡಾಡೋದು ಯಾರಿಗೂ ಒಳ್ಳೇದಲ್ಲ, ಅದರ ಬದಲು ಅವತ್ತಿನ ಊಟದ ಕೂಪನ್ ಅವಳ ಹೆಸರಲ್ಲಿ ಕೊಡಿ. ಹಳೇ ಬಟ್ಟೆ ಬಗ್ಗೆ ಹೇಳೋದೇ ಬೇಡ. ಕನ್ನಡ ಕತೆ ಪುಸ್ತಕ, ಬಣ್ಣದ ಪೆನ್ಸಿಲ್ಲು ಕೊಡಿ, ಸಂತೋಷವಾಗಿ ಇಸ್ಕೊಳ್ತಾರೆ.

4. ದುಡ್ಡು ಯಾವ ಖಾತೆಗೆ ಬರ್ಬೇಕು

ಯಾರದ್ದೇ ಪರ್ಸನಲ್ ಖಾತೆಗೆ ಬೇಡ. ನಿಮ್ಮ ಗ್ರೂಪಲ್ಲಿ ಎಲ್ಲರೂ ದೇವರಂಥವರೇ ಇರ್ಬೋದು, ಆದ್ರೂ ಬೇಡ. ಒಬ್ಬರ ಸೇವಿಂಗ್ಸ್ ಖಾತೆಗೆ ಎರಡು ದಿನದಲ್ಲಿ ಇನ್ನೂರು ಜನರಿಂದ ದುಡ್ಡು ಬಂದ್ರೆ ಬ್ಯಾಂಕಿನವರು ಪ್ರಶ್ನೆ ಕೇಳ್ಬೋದು, ನಾಳೆ ಇನ್‌ಕಮ್ ಟ್ಯಾಕ್ಸ್‌ನವರು ಇದು ನಿಮ್ಮ ಆದಾಯ ಅಲ್ವಾ ಅಂದ್ರೆ ಅಲ್ಲ ಅಂತ ತೋರಿಸೋ ಭಾರ ಆ ಪುಣ್ಯಾತ್ಮನ ತಲೆ ಮೇಲೆ. ಇನ್ನೊಂದು ಈಗಿನ ಕಾಟ ಇದೆ, ಹಾಕಿದವರಲ್ಲಿ ಒಬ್ಬರ ದುಡ್ಡು ಯಾವುದಾದ್ರೂ ಸೈಬರ್ ವಂಚನೆ ಸರಪಳಿಯಲ್ಲಿ ಬಂದಿದ್ರೆ ಪೊಲೀಸರು ಪೂರ್ತಿ ಖಾತೆನೇ ಫ್ರೀಜ್ ಮಾಡಿಸ್ಬೋದು, ಆಗ ಖಾತೆ ಇರೋರ ಸಂಬಳವೂ ಅದರಲ್ಲೇ ಸಿಕ್ಕಾಕೊಳ್ಳುತ್ತೆ.

ಎಲ್ಲಕ್ಕಿಂತ ಒಳ್ಳೇದು ದುಡ್ಡು ನಿಮ್ಮ ಕೈಗೇ ಬರದೇ ಇರೋದು: ಆಸ್ಪತ್ರೆಯದ್ದೋ ಅದಕ್ಕೆ ಸಂಬಂಧಪಟ್ಟ ನೋಂದಾಯಿತ ಟ್ರಸ್ಟಿಂದೋ ಖಾತೆ ನಂಬರ್, ಕ್ಯೂಆರ್ ಕೋಡನ್ನ ಅವರ ಆಫೀಸಿಂದನೇ ಇಸ್ಕೊಂಡು ಜನ ನೇರವಾಗಿ ಅಲ್ಲಿಗೇ ಹಾಕ್ಲಿ, ನಿಮಗೆ ಬರೀ ಸ್ಕ್ರೀನ್‌ಶಾಟ್ ಬಂದ್ರೆ ಸಾಕು. ಅದು ಆಗ್ಲಿಲ್ಲ ಅಂದ್ರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನೋ ಕನ್ನಡ ಸಂಘವೋ, ಸೊಸೈಟಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದ್ದು ಪ್ಯಾನ್ ಇದ್ದು ಇಬ್ರು ಸಹಿ ಹಾಕಿದ್ರೆ ಮಾತ್ರ ದುಡ್ಡು ತೆಗೆಯೋಕಾಗೋ ಖಾತೆ. ಕಮಿಟಿ ಮೀಟಿಂಗಲ್ಲಿ ಒಂದು ಠರಾವು ಬರೆದು ಇಡಿ, ಎಷ್ಟು ದಿನ ಎತ್ತುತ್ತೀವಿ, ಯಾವುದಕ್ಕೆ, ಗುರಿಗಿಂತ ಜಾಸ್ತಿ ಬಂದ್ರೆ ಏನು ಮಾಡ್ತೀವಿ, ಕಮ್ಮಿ ಬಂದ್ರೆ ಏನು ಅಂತ. ಈ ಜಾಸ್ತಿ ಬಂದ್ರೆ ಅನ್ನೋ ಸಾಲನ್ನ ಯಾರೂ ಬರೆಯಲ್ಲ, ಜಗಳ ಶುರುವಾಗೋದು ಅಲ್ಲಿಂದನೇ.

ಕ್ಯೂಆರ್ ಕೋಡನ್ನ ಲಿಫ್ಟಲ್ಲಿ, ಗೇಟಲ್ಲಿ ಅಂಟಿಸಿದ್ರೆ ದಿನಾ ಒಂದ್ಸಲ ಸ್ಕ್ಯಾನ್ ಮಾಡಿ ಹೆಸರು ಸರಿಯಾಗಿ ಬರ್ತಿದ್ಯಾ ನೋಡಿ, ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗೋ ಕಳ್ಳರಿದ್ದಾರೆ. ಕ್ಯಾಶ್ ತಗೊಂಡ್ರೆ ನಂಬರ್ ಹಾಕಿದ ರಸೀದಿ ಪುಸ್ತಕ, ಕಾರ್ಬನ್ ಕಾಪಿ, ಅವತ್ತಿಂದು ಮಾರನೇ ದಿನನೇ ಬ್ಯಾಂಕಿಗೆ.

5. ಟ್ಯಾಕ್ಸ್ ರಿಯಾಯಿತಿ ಕೇಳೋರಿಗೆ ಏನು ಹೇಳೋದು

ಖಂಡಿತ ಒಬ್ರು "80ಜಿ ಸಿಗುತ್ತಾ" ಅಂತ ಕೇಳ್ತಾರೆ. ಮೊದಲನೇದು, ಹೊಸ ಟ್ಯಾಕ್ಸ್ ರೆಜೀಮ್‌ನಲ್ಲಿ ಇರೋರಿಗೆ ಈ ರಿಯಾಯಿತಿ ಇಲ್ಲವೇ ಇಲ್ಲ, ಇವಾಗ ಬಹಳ ಸಂಬಳದಾರರು ಅದರಲ್ಲೇ ಇರೋದ್ರಿಂದ ಅರ್ಧ ಚರ್ಚೆ ಇಲ್ಲೇ ಮುಗೀತು. ಹಳೇದರಲ್ಲಿ ಇರೋರಿಗೆ, 80ಜಿ ಮಾನ್ಯತೆ ಇರೋ ಸಾಮಾನ್ಯ ಟ್ರಸ್ಟಿಗೆ ಕೊಟ್ಟಿದ್ರಲ್ಲಿ ಅರ್ಧ, ಅದೂ ಒಟ್ಟು ಆದಾಯದ ಶೇಕಡಾ 10ರ ಮಿತಿ ಒಳಗೆ ಲೆಕ್ಕಕ್ಕೆ ಬರುತ್ತೆ, 2,000 ರೂಪಾಯಿಗಿಂತ ಜಾಸ್ತಿ ಕ್ಯಾಶಲ್ಲಿ ಕೊಟ್ರೆ ಬರಲ್ಲ. ಟ್ರಸ್ಟಿನವರು ದಾನಿಗಳ ಪ್ಯಾನ್ ಸಮೇತ ಫಾರಂ 10ಬಿಡಿ ಫೈಲ್ ಮಾಡಿ ಮೇ 31ರ ಒಳಗೆ 10ಬಿಇ ಸರ್ಟಿಫಿಕೇಟ್ ಕೊಡ್ಬೇಕಿತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಆಗಿರೋದ್ರಿಂದ ಸೆಕ್ಷನ್ನು ಫಾರಂ ನಂಬರುಗಳು ಬದಲಾಗಿವೆ, ಟ್ರಸ್ಟಿನ ಆಡಿಟರನ್ನೇ ಕೇಳ್ಕೊಳ್ಳಿ.

ಇದರಲ್ಲಿ ಸಿಕ್ಕಿಬೀಳೋ ಜಾಗ ಒಂದಿದೆ. ನಿಮ್ಮ ಅಸೋಸಿಯೇಷನ್ ಖಾತೆಗೆ ಎಲ್ಲರೂ ಹಾಕಿ ಅಲ್ಲಿಂದ ಒಟ್ಟಿಗೆ ಟ್ರಸ್ಟಿಗೆ ಕಳಿಸಿದ್ರೆ ದಾನಿ ಅಸೋಸಿಯೇಷನ್ ಆಗುತ್ತೆ, ಒಂದೊಂದು ಮನೆಯವರಿಗೆ ಬೇರೆಬೇರೆ ಸರ್ಟಿಫಿಕೇಟ್ ಬರಲ್ಲ. ಬೇಕು ಅನ್ನೋರು ನೇರವಾಗಿ ಟ್ರಸ್ಟಿಗೇ ಹಾಕ್ಲಿ ಅಂತ ಮೊದಲ ಮೆಸೇಜಲ್ಲೇ ಬರೆದ್ಬಿಡಿ.

6. ಈಗ ಕೇಳಿ

ಮೆಸೇಜು ಚಿಕ್ಕದಿರ್ಲಿ. ಯಾವ ಆಸ್ಪತ್ರೆ, ಏನು ಕೊಡ್ತಿದ್ದೀವಿ, ಒಟ್ಟು ಎಷ್ಟು ಬೇಕು, ಯಾವ ತಾರೀಖು ಕೊನೆ, ಖಾತೆ ಯಾವುದು, ಆಸ್ಪತ್ರೆ ಪತ್ರದ ಫೋಟೋ. ಹೀಗೆ ಬರೀಬೋದು: "ನಮಸ್ಕಾರ. ಮಕ್ಕಳ ವಾರ್ಡಿನ ತಾಯಂದ್ರು ರಾತ್ರಿ ಮಲಗೋಕೆ 20 ಮಡಚೋ ಮಂಚ ಕೊಡಿ ಅಂತ ಆಸ್ಪತ್ರೆಯವರು ಪತ್ರ ಕೊಟ್ಟಿದ್ದಾರೆ. ಒಂದು ಮಂಚಕ್ಕೆ ಕೊಟೇಶನ್ ಇಷ್ಟು ಬಂದಿದೆ. ಪೂರ್ತಿ ಮಂಚ ಕೊಡ್ಬೋದು, ಅರ್ಧ ಕೊಡ್ಬೋದು, 100 ರೂಪಾಯಿನೂ ಸರಿ. ತಿಂಗಳ ಕೊನೆ ತಾರೀಖಿಗೆ ಮುಗಿಸ್ತೀವಿ, ಲೆಕ್ಕ ಇದೇ ಗ್ರೂಪಲ್ಲಿ ಹಾಕ್ತೀವಿ." ಸಾಕು. ಅಳೋ ಮಗುವಿನ ಫೋಟೋ, ಅದರ ಹಿಂದೆ ಪಿಟೀಲು ಮ್ಯೂಸಿಕ್ಕು ಬೇಡ. ವಾರ್ಡಲ್ಲಿ ಮಗುವಿನ ಫೋಟೋ ತೆಗೆಯೋಕೆ ಆಸ್ಪತ್ರೆ ಅನುಮತಿ, ಅಪ್ಪ ಅಮ್ಮನ ಒಪ್ಪಿಗೆ ಎರಡೂ ಬೇಕು, ಕೂಪನ್ ಕೊಡೋ ಕೈ ಮುಂದೆ ನಿಂತಿರೋ ಅಪ್ಪ "ಬೇಡ" ಅನ್ನೋಕೆ ಆಗದೇ ಹೂಂ ಅಂತಾನೆ, ಅದು ಒಪ್ಪಿಗೆ ಅಲ್ಲ. ಮಂಚದ ಫೋಟೋ ಹಾಕಿ.

ಯಾರು ಎಷ್ಟು ಕೊಟ್ರು ಅಂತ ಲಿಸ್ಟ್ ಹಾಕೋ ಪದ್ಧತಿ ಬಗ್ಗೆ ಎರಡು ಮಾತಿವೆ. ಹಾಕಿದ್ರೆ ದುಡ್ಡು ಜಾಸ್ತಿ ಬರುತ್ತೆ, ನಿಜ. ಆದ್ರೆ ವಾಚ್‌ಮನ್ 50 ರೂಪಾಯಿ ಕೊಟ್ಟಿದ್ದೂ ಪೆಂಟ್‌ಹೌಸಿನವರು 500 ಕೊಟ್ಟಿದ್ದೂ ಒಂದೇ ಪಟ್ಟಿಯಲ್ಲಿ ಬಂದು ಇಬ್ಬರಿಗೂ ಮುಜುಗರ. ಹೆಸರು ಮಾತ್ರ ಹಾಕಿ ಮೊತ್ತ ಬೇಡ ಅಂತ ನನ್ನ ವೋಟು, ಪೂರ್ತಿ ಲೆಕ್ಕ ಖಜಾಂಚಿ ಹತ್ರ ಇರುತ್ತೆ, ಕೇಳಿದವರಿಗೆ ತೋರಿಸ್ಬೋದು.

ಕಾರ್ಯಕ್ರಮ ಮಾಡಿ ಎತ್ತೋದು ನಮ್ಮಲ್ಲಿ ಹೊಸದಲ್ಲ, ಸಹಾಯಾರ್ಥ ನಾಟಕ, ಸಹಾಯಾರ್ಥ ಯಕ್ಷಗಾನ ಅಂತ ಕರಪತ್ರ ನೋಡಿರ್ತೀರಿ. ಉಡುಪಿ ಕಡೆ ಕೃಷ್ಣಾಷ್ಟಮಿಗೆ ವೇಷ ಹಾಕೋ ಸಂಪ್ರದಾಯ ಇದೆಯಲ್ಲ, ರವಿ ಕಟಪಾಡಿ ಅನ್ನೋರು, ಕೂಲಿ ಕೆಲಸ ಮಾಡೋರು, ಭಾರಿ ಭಾರಿ ರಾಕ್ಷಸ ವೇಷ ಹಾಕ್ಕೊಂಡು ಬೀದಿ ಬೀದಿ ಸುತ್ತಿ ಬಂದ ದುಡ್ಡನ್ನ ಕಾಯಿಲೆ ಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಕೊಡ್ತಾ ಬಂದಿದ್ದಾರೆ. ಅದರಿಂದ ಕಲಿಯೋಕೆ ಇರೋದು ಏನಂದ್ರೆ ಜನ ಹೇಗಿದ್ರೂ ಹಬ್ಬ ನೋಡೋಕೆ ಬಂದಿರ್ತಾರೆ, ಅವರು ಹೊಸದಾಗಿ ಜನ ಸೇರಿಸೋ ಖರ್ಚು ಮಾಡಿಲ್ಲ. ನಾವು ಮಾಡೋದು ಉಲ್ಟಾ. ಶಾಮಿಯಾನ, ಆರ್ಕೆಸ್ಟ್ರಾ, ಜನರೇಟರು, ಆಮೇಲೆ ಸ್ಟೇಜ್ ಮೇಲೆ ಕೂತ ಹದಿನೈದು ಗಣ್ಯರಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. 60 ಸಾವಿರ ಎತ್ತಿ 40 ಸಾವಿರ ಇದಕ್ಕೇ ಹೋದ್ರೆ ಮಕ್ಕಳಿಗೆ ಏನು ಉಳೀತು? ಖರ್ಚನ್ನ ಒಬ್ಬ ಸ್ಪಾನ್ಸರ್ ಪೂರ್ತಿ ಹೊರೋದಾದ್ರೆ ಮಾತ್ರ ಪ್ರೋಗ್ರಾಂ ಮಾಡಿ. ಇಲ್ಲಾಂದ್ರೆ ಹೇಗಿದ್ರೂ ನಡೆಯೋ ಗಣೇಶೋತ್ಸವ, ರಾಜ್ಯೋತ್ಸವದಲ್ಲೇ ಒಂದು ಟೇಬಲ್ ಹಾಕಿ. ಮನೆಯವರೇ ಕೋಡುಬಳೆ, ಚಕ್ಕುಲಿ, ಒಬ್ಬಟ್ಟು ಮಾಡಿ ಮಾರೋದು ಚೆನ್ನಾಗಿ ಹೋಗುತ್ತೆ, ಮಾಡಿದವರು ಸಾಮಾನಿನ ಖರ್ಚು ತಾವೇ ಹಾಕ್ಕೊಂಡ್ರೆ ಮಾರಿದ್ದೆಲ್ಲಾ ನಿಧಿಗೇ.

ಲಕ್ಕಿ ಡಿಪ್ ಟಿಕೆಟ್ ಮಾರಿ ಸ್ಕೂಟರ್ ಬಹುಮಾನ ಇಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧ, ಒಳ್ಳೆ ಕೆಲಸಕ್ಕೆ ಅಂದ್ರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತೋ ದಾರಿ ಅದು. ಮೈಕ್ ರಾತ್ರಿ 10ಕ್ಕೆ ಬಂದ್ ಮಾಡಿ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಾಗಾಗಿ ಆಸ್ಪತ್ರೆ ಗೇಟಲ್ಲೇ ಡೊಳ್ಳು ಹೊಡ್ಸಿ ಚೆಕ್ ಹಸ್ತಾಂತರ ಮಾಡೋ ಆಸೆನೂ ಬೇಡ. ಶಾಲೆ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಸಿಗ್ನಲ್ಲಿಗೆ, ಮನೆಮನೆಗೆ ಕಳಿಸೋದು ಕೂಡ ಬೇಡ.

ಒಂದು ಸಲದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರೋ ಸಣ್ಣ ಮೊತ್ತ ಆಸ್ಪತ್ರೆಗೆ ಹೆಚ್ಚು ಅನುಕೂಲ, ಊಟದ ಕೂಪನ್ನು ಬಸ್ ಚಾರ್ಜು ವರ್ಷಪೂರ್ತಿ ಬೇಕಲ್ಲ. ಮೂವತ್ತು ಮನೆಯವರು ಯುಪಿಐ ಆಟೋಪೇನಲ್ಲಿ ತಿಂಗಳಿಗೆ 200 ಹಾಕಿದ್ರೂ ವರ್ಷಕ್ಕೆ 72 ಸಾವಿರ, ಯಾವ ಆರ್ಕೆಸ್ಟ್ರಾನೂ ಇಲ್ಲದೆ.

7. ಒಂದೇ ಮಗುವಿಗೆ ಅಂತ ಎತ್ತೋದಾದ್ರೆ

ಫಾರ್ವರ್ಡ್ ಮೆಸೇಜ್ ನೋಡಿ ದುಡ್ಡು ಕಳಿಸ್ಬೇಡಿ. ಮಗು ಯಾವ ಆಸ್ಪತ್ರೆಯಲ್ಲಿದೆ, ಎಸ್ಟಿಮೇಟ್ ಲೆಟರ್ ಯಾವ ತಾರೀಖಿಂದು ನೋಡಿ, ಆಸ್ಪತ್ರೆ ನಂಬರನ್ನ ಮೆಸೇಜಿಂದ ತಗೋಬೇಡಿ, ನೀವೇ ಹುಡುಕಿ ಫೋನ್ ಮಾಡಿ, ರೋಗಿಯ ಐಡಿ ನಂಬರ್ ಹೇಳಿ ಕೇಳಿ. ನಿಜ ಅಂತ ಖಾತ್ರಿ ಆದ್ರೂ ದುಡ್ಡು ಆಸ್ಪತ್ರೆ ಖಾತೆಗೆ, ಮಗುವಿನ ಐಡಿ ಹೆಸರಲ್ಲಿ. ಎರಡು ವರ್ಷದ ಹಿಂದಿನ ಮೆಸೇಜು, ಮಗು ಗುಣ ಆಗಿ ಸ್ಕೂಲಿಗೆ ಹೋಗ್ತಿದ್ರೂ, ಇವತ್ತಿಗೂ ಓಡಾಡ್ತಾ ಇರುತ್ತೆ.

ಎಸ್‌ಎಂಎ (ಸ್ನಾಯುಗಳ ಬಲ ಕುಂದೋ ಕಾಯಿಲೆ) ಥರದ ಅಪರೂಪದ ಕಾಯಿಲೆಗೆ ಒಂದು ಇಂಜೆಕ್ಷನ್ನಿಗೆ 16 ಕೋಟಿ ಅಂತೆಲ್ಲ ಸುದ್ದಿ ಬರುತ್ತಲ್ಲ, ಅದಕ್ಕೆ ಏರಿಯಾ ಚಂದಾ ಸಾಲಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗುರುತಿಸಿರೋ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷದವರೆಗೆ ಸಹಾಯಕ್ಕೆ ಅವಕಾಶ ಇದೆ, ಬೆಂಗಳೂರಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಆ ವ್ಯವಸ್ಥೆಯಲ್ಲಿದೆ. ಕೇಂದ್ರ ಆರೋಗ್ಯ ಇಲಾಖೆಯದ್ದೇ ಆನ್‌ಲೈನ್ ದೇಣಿಗೆ ಪೋರ್ಟಲ್ಲೂ ಇದೆ. ಅಂಥ ಕುಟುಂಬ ನಿಮಗೆ ಗೊತ್ತಿದ್ರೆ ಮೊದಲು ಅಲ್ಲಿಗೆ ದಾರಿ ತೋರಿಸಿ, ನಿಮ್ಮ ದುಡ್ಡು ಅವರ ಓಡಾಟಕ್ಕೆ ಆಗ್ಲಿ.

8. ಕಂಪನಿ, ಫಾರಿನ್ ದುಡ್ಡು

ನಿಮ್ಮಲ್ಲಿ ಯಾರಾದ್ರೂ ದೊಡ್ಡ ಕಂಪನಿಯಲ್ಲಿದ್ರೆ ಎಚ್‌ಆರ್ ಹತ್ರ ಮ್ಯಾಚಿಂಗ್ ಇದ್ಯಾ ಕೇಳಿ, ನೀವು ಹಾಕಿದಷ್ಟೇ ಕಂಪನಿನೂ ಹಾಕೋ ಸ್ಕೀಮು. ಸಿಎಸ್‌ಆರ್ ಅಂದ್ರೆ ಬೇರೆ, ಲಾಭ 5 ಕೋಟಿ ದಾಟಿದ ಕಂಪನಿ, ಇಲ್ಲಾ ವಹಿವಾಟು 1,000 ಕೋಟಿ ಅಥವಾ ನೆಟ್‌ವರ್ತ್ 500 ಕೋಟಿ ಇರೋ ಕಂಪನಿ ಸರಾಸರಿ ಲಾಭದ ಶೇಕಡಾ 2ನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡ್ಲೇಬೇಕು. ಆದ್ರೆ ಅದನ್ನ ಪಡೆಯೋ ಟ್ರಸ್ಟಿಗೆ ಸಿಎಸ್‌ಆರ್-1 ರಿಜಿಸ್ಟ್ರೇಷನ್ ಬೇಕು, ನಿಮ್ಮ ಅಸೋಸಿಯೇಷನ್ನಿಗೆ ಕೊಡಲ್ಲ. ನೀವು ಮಾಡ್ಬೋದಾದ್ದು ಆಸ್ಪತ್ರೆಯವರನ್ನೂ ಕಂಪನಿಯವರನ್ನೂ ಕೂರಿಸಿ ಮಾತಾಡ್ಸೋದು, ಅದೂ ಮಾರ್ಚಲ್ಲಿ ಅಲ್ಲ, ದಸರಾ ಆಸುಪಾಸಲ್ಲಿ.

ಅಮೆರಿಕದ ಕನ್ನಡ ಕೂಟದ ಗೆಳೆಯರು ಕಳಿಸ್ತೀವಿ ಅಂದ್ರೆ ಪಾಸ್‌ಪೋರ್ಟ್ ಯಾವುದು ಕೇಳಿ, ತಮಾಷೆ ಅಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿರೋ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಸಿಟಿಜನ್‌ಶಿಪ್ ತಗೊಂಡು ಓಸಿಐ ಆಗಿದ್ರೆ ವಿದೇಶಿ ದೇಣಿಗೆನೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರೋ ಸಂಸ್ಥೆ ಮಾತ್ರ ತಗೋಬೋದು, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಬರ್ಬೇಕು. ನಿಮ್ಮ ಸಂಘದ ಖಾತೆಗೆ ಡಾಲರ್ ಹಾಕಿಸ್ಕೊಂಡು ಕಷ್ಟ ತಂದ್ಕೋಬೇಡಿ.

9. ದುಡ್ಡಲ್ಲದ ದಾನ

ಥಲಸ್ಸೀಮಿಯಾ (ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ) ಇರೋ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಂದ್ಸಲ ರಕ್ತ ಬೇಕು, ಜೀವನಪೂರ್ತಿ. ಕ್ಯಾನ್ಸರ್ ಮಕ್ಕಳಿಗೆ ಪ್ಲೇಟ್‌ಲೆಟ್ ಬೇಕು, ಅದನ್ನ ಐದು ದಿನಕ್ಕಿಂತ ಜಾಸ್ತಿ ಇಡೋಕಾಗಲ್ಲ. ಏಪ್ರಿಲ್ ಮೇನಲ್ಲಿ ಕಾಲೇಜು ರಜ, ಕ್ಯಾಂಪ್ ಇರಲ್ಲ, ಬ್ಲಡ್ ಬ್ಯಾಂಕ್ ಖಾಲಿ ಹೊಡೆಯುತ್ತೆ, ಹಾಗಾಗಿ ನಿಮ್ಮ ಕ್ಯಾಂಪನ್ನ ನವೆಂಬರ್ ಬಿಟ್ಟು ಆ ಟೈಮಿಗೆ ಇಟ್ಕೊಳ್ಳಿ. ಆಸ್ಪತ್ರೆಯ ಬ್ಲಡ್ ಬ್ಯಾಂಕಿನವರನ್ನೇ ಕರೆಸಿ. 18 ತುಂಬಿರ್ಬೇಕು, 65 ದಾಟಿರ್ಬಾರ್ದು, 45 ಕೆಜಿ ಮೇಲಿರ್ಬೇಕು, ಹಿಮೋಗ್ಲೋಬಿನ್ 12.5 ಇರ್ಬೇಕು, ಗಂಡಸರು 90 ದಿನಕ್ಕೊಮ್ಮೆ ಹೆಂಗಸರು 120 ದಿನಕ್ಕೊಮ್ಮೆ ಕೊಡ್ಬೋದು. ನೂರು ಜನ ಒಂದೇ ದಿನ ಕೊಡೋದಕ್ಕಿಂತ ಬ್ಲಡ್ ಗ್ರೂಪ್ ಸಮೇತ ಒಂದು ಲಿಸ್ಟ್ ಮಾಡಿ, ಬ್ಲಡ್ ಬ್ಯಾಂಕಿನವರು ಫೋನ್ ಮಾಡಿದಾಗ ಇಬ್ಬಿಬ್ರು ಹೋಗೋದು ಅವರಿಗೆ ಹೆಚ್ಚು ಇಷ್ಟ.

10. ಕೊಟ್ಟಾದ್ಮೇಲೆ

ಸಾಮಾನು ಕೊಟ್ರೆ ಆಸ್ಪತ್ರೆಯ ಸ್ಟಾಕ್ ರಿಜಿಸ್ಟರಲ್ಲಿ ಎಂಟ್ರಿ ಮಾಡಿಸಿ, ಆ ಪುಟದ ಫೋಟೋ, ಅಂಗಡಿ ಬಿಲ್ಲು, ಸ್ವೀಕೃತಿ ಪತ್ರ ಮೂರೂ ಇಟ್ಕೊಳ್ಳಿ. ಎಂಟ್ರಿ ಆಗ್ದೇ ಇರೋ ಸಾಮಾನಿಗೆ ಸರ್ವೀಸ್ ಮಾಡಿಸೋಕೂ ಆಸ್ಪತ್ರೆ ದುಡ್ಡು ಬಿಡುಗಡೆ ಮಾಡೋಕಾಗಲ್ಲ. ಒಂದು ವಾರದೊಳಗೆ ಲೆಕ್ಕ ಗ್ರೂಪಲ್ಲಿ ಹಾಕಿ: ಬಂದಿದ್ದು, ಖರ್ಚಾಗಿದ್ದು, ಉಳಿದಿದ್ದು, ಆಟೋ ಬಾಡಿಗೆ ಸಮೇತ. ಯಾರೂ ಓದಲ್ಲ ಅಂತ ಅನ್ಸುತ್ತೆ, ಆದ್ರೆ ಮುಂದಿನ ಸಲ ಕೇಳೋಕೆ ಹೋದಾಗ ಗೊತ್ತಾಗುತ್ತೆ ಎಲ್ಲರೂ ಓದಿದ್ರು ಅಂತ.

ಮೂರು ತಿಂಗಳು ಬಿಟ್ಟು, ಕ್ಯಾಮೆರಾ ಇಲ್ಲದೆ, ಇಬ್ರು ಮತ್ತೆ ಹೋಗಿ. ಮಂಚ ವಾರ್ಡಲ್ಲೇ ಇದ್ಯಾ ಸ್ಟೋರ್ ರೂಮಲ್ಲಿದ್ಯಾ, ಕೂಪನ್ ಎಷ್ಟು ಖರ್ಚಾಯ್ತು, ಫಿಲ್ಟರ್ ಕ್ಯಾಂಡಲ್ ಬದಲಾಯಿಸಿದ್ರಾ ಅಂತ ಸಿಸ್ಟರ್ ಹತ್ರ ವಿಚಾರಿಸಿ, ಕೆಟ್ಟಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಸರ್ವೀಸ್‌ನವರ ನಂಬರನ್ನ ಅಲ್ಲೇ ಗೋಡೆಗೆ ಅಂಟಿಸಿ ಬನ್ನಿ. ರಸೀದಿ ಪುಸ್ತಕ, ಪಾಸ್‌ಬುಕ್, ಆಸ್ಪತ್ರೆ ಪತ್ರ, ಸಿಸ್ಟರ್ ಹೇಳಿದ ಹಳೇ ಪಟ್ಟಿ ಎಲ್ಲಾ ಒಂದು ಫೈಲಲ್ಲಿ ಹಾಕಿ ಮುಂದಿನ ವರ್ಷದ ಸೆಕ್ರೆಟರಿ ಕೈಗೆ ಕೊಡಿ, ಆ ಪಟ್ಟಿಯಲ್ಲಿ ಗೀಸರ್ ಇನ್ನೂ ಬಾಕಿ ಇರುತ್ತೆ.